ಸುಮ್ನಿರಿ ಭಾವನ ಬಲಗೈ

ನಮ್ಮ ಭಾವನನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸುಮ್ನಿರಿ ಅಂಗಡಿ ಎಲ್ಲಿ ಎಂದು ಕೇಳಿದರೆ ಸಾಕು, ಹಾಲುಹಲ್ಲು ಬೀಳದ ಮಕ್ಕಳೂ ಅವರ ಕ್ಷೌರದಂಗಡಿಯ ಕಡೆಗೆ ಬೆರಳು ತೋರಿಸುತ್ತವೆ. ಆ ಹೆಸರು ಅವರ ಸ್ವಂತ ಸಂಪಾದನೆ. ಗಿರಾಕಿ ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಹಿಂದುಗಡೆ ಸ್ವಲ್ಪ ಕಡಿಮೆ ಮಾಡಿ ಎಂದೋ ಮೀಸೆ ಮುಟ್ಟಬೇಡಿ ಎಂದೋ ಬಾಯಿ ತೆರೆದರೆ, ಭಾವ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿ "ಸುಮ್ನಿರಿ" ಎನ್ನುತ್ತಾರೆ. ಅದರಲ್ಲಿ ಸಿಟ್ಟಿಲ್ಲ, ಜೋರೂ ಇಲ್ಲ. ಆದರೂ ಪೊಲೀಸರಿಂದ ಹಿಡಿದು ಶಾಲೆಯ ಹೆಡ್‌ಮಾಸ್ಟರವರೆಗೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ.

ಅವರ ವಾದ ಇಷ್ಟೇ. ತಲೆಯನ್ನು ಒಬ್ಬನ ಕೈಗೆ ಒಪ್ಪಿಸಿದ ಮೇಲೆ ಅದರ ಚಿಂತೆ ನಮಗೆ ಬೇಡ. ಕೂತವನು ಮಧ್ಯೆ ಬಾಯಿ ಹಾಕಿದರೆ ಕತ್ತರಿ ಹಿಡಿದವನ ಕೈ ಕೆಡುತ್ತದೆ. ಹಾಗಾದರೆ ಕತ್ತರಿ ಹಿಡಿದವನು ಮಾತಾಡಬಹುದೇ ಎಂದು ಮಾತ್ರ ಕೇಳಬೇಡಿ. ಭಾವ ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೆ ನಲ್ಲಿ ನೀರಿನಿಂದ ಹಿಡಿದು ಯುದ್ಧದವರೆಗೆ ಒಂದೇ ಸಮನೆ ಮಾತಾಡುತ್ತಾರೆ. ಅದು ಕೆಲಸದ ಭಾಗವಂತೆ.

ಅವರು ನನ್ನ ಅಕ್ಕನ ಗಂಡ. ಪಕ್ಕದ ಇಸ್ತ್ರಿ ಅಂಗಡಿ ನನ್ನದು. ಎರಡರ ನಡುವೆ ಹಲಗೆಯ ಗೋಡೆ. ನಾನು ಅಂಗಿಯ ಕಾಲರು ತೀಡುತ್ತ ನಿಂತರೆ ಆ ಕಡೆಯಿಂದ ಭಾವನ ಕತ್ತರಿಯ ಸದ್ದು ಬರುತ್ತಲೇ ಇರುತ್ತದೆ. ಮೂರು ಸಲ ಗಾಳಿಯಲ್ಲಿ, ಒಂದು ಸಲ ಕೂದಲಲ್ಲಿ. ಗಾಳಿಯಲ್ಲಿ ಯಾಕೆ ಕತ್ತರಿಸುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಹೇಳದೆ ಕೇಳದೆ ಮೇಲೆ ಬಿದ್ದರೆ ಕೂದಲಿಗೆ ಗಾಬರಿಯಾಗುತ್ತದೆ ಎಂದರು. ನಗಬೇಕೋ ಬೇಡವೋ ತಿಳಿಯದೆ ನಾನು ಇಸ್ತ್ರಿ ಪೆಟ್ಟಿಗೆಯ ಕಡೆ ನೋಡಿದೆ.

ಎರಡು ವರ್ಷದ ಹಿಂದೆ ಆ ಸದ್ದು ತಪ್ಪತೊಡಗಿತು. ಗಾಳಿಯಲ್ಲಿ ಐದು, ಕೂದಲಲ್ಲಿ ಅರ್ಧ, ನಡುವೆ ಒಂದು ಠಣ್. ಠಣ್ ಎಂದರೆ ಕತ್ತರಿ ನೆಲಕ್ಕೆ ಬಿತ್ತು ಎಂದು ಅರ್ಥ. ಭಾವನ ಬಲಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಜುಮ್ಮೆನ್ನುತ್ತಿದ್ದವು. ಮೊದಮೊದಲು ಕೈಯನ್ನು ಒದ್ದೆ ಕೊಡೆಯ ಹಾಗೆ ಒದರಿದರೆ ಸರಿಹೋಗುತ್ತಿತ್ತು. ಆಮೇಲೆ ಒದರಿದರೂ ಹೋಗದಾಯಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ. ಚಹಾದ ಲೋಟ ಹಿಡಿದರೆ ಬಿಸಿ ಗೊತ್ತಾಗುತ್ತಿರಲಿಲ್ಲ. ತಣ್ಣಗಿನ ಚಹಾ ಕೊಡುತ್ತೀಯ ಎಂದು ಅಕ್ಕನ ಮೇಲೆ ರೇಗುತ್ತಿದ್ದರು. ಅಕ್ಕ ಮತ್ತೆ ಕುದಿಸಿ ಕೊಡುತ್ತಿದ್ದಳು. ಭಾವನ ನಾಲಿಗೆ ಸುಡುತ್ತಿತ್ತು, ಕೈ ಮಾತ್ರ ನಂಬುತ್ತಿರಲಿಲ್ಲ.

ಇದನ್ನು ಅವರು ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಇರುವುದು ಒಂದೇ ಕುರ್ಚಿ. ಆ ಕುರ್ಚಿಯನ್ನು ನಡೆಸುವುದು ಒಂದೇ ಬಲಗೈ. ಅದು ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಭಾವ ಮನೆಯಲ್ಲಿ ಕೂತು ಯಾರ ತಲೆಯ ಹಿಂದೆ ನಿಂತು ಮಾತಾಡಬೇಕು? ಅವರಿಗೆ ಹೆದರಿಕೆಯಾಗಿತ್ತು. ಹೆದರಿಕೆಯನ್ನು ಮುಚ್ಚಿಡಲು ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದರು.

ಗುಟ್ಟು ಹೊರಬಿದ್ದದ್ದು ಕೈ ಡಾಕ್ಟರಿಂದ. ಈ ಡಾಕ್ಟರು ಬರೀ ಕೈಗಳನ್ನೇ ರಿಪೇರಿ ಮಾಡುವವರು, ದೊಡ್ಡ ರಸ್ತೆಯ ಆಸ್ಪತ್ರೆಯಲ್ಲಿ ಕೂರುತ್ತಾರೆ, ಭಾವನ ಹಳೆಯ ಗಿರಾಕಿ. ತೆಳ್ಳಗಿನ, ಮೆತ್ತಗಿನ ಮನುಷ್ಯ. ಕುರ್ಚಿಯಲ್ಲಿ ಕೂತೊಡನೆ ಕಣ್ಣು ಮುಚ್ಚಿಬಿಡುತ್ತಾರೆ. ಅವರಿಗೆ ಇಡೀ ವಾರದಲ್ಲಿ ಸಿಗುವ ವಿಶ್ರಾಂತಿ ಅಷ್ಟೇ. ಒಂದು ದಿನ ಭಾವ ಕ್ಷೌರ ಮುಗಿಸಿ, ಕತ್ತರಿ ಕೆಳಗಿಟ್ಟು, ಕುತ್ತಿಗೆಗೆ ಪೌಡರು ಹಾಕುವಾಗ ಪೌಡರಿನ ಡಬ್ಬ ಡಾಕ್ಟರ ತೊಡೆಯ ಮೇಲೆ ಬಿತ್ತು. ಡಾಕ್ಟರು ಕಣ್ಣು ತೆರೆದರು. ಕತ್ತರಿ ಕೆಳಗಿದ್ದುದರಿಂದ ಮಾತಾಡಲು ಅಡ್ಡಿಯಿರಲಿಲ್ಲ. ಕೈಗೆ ಏನಾಗಿದೆ ಎಂದು ಕೇಳಿದರು. ಭಾವ ಹಿಂದೆ ನಿಂತಲ್ಲಿಂದಲೇ ಬಲಗೈ ಎತ್ತಿ, ಈ ಕೈ ಜೋಮು ಹಿಡಿದಿದೆ ಎಂದರು.

ಇಲ್ಲಿ ಕನ್ನಡಿಯ ವಿಷಯ ಹೇಳದೆ ವಿಧಿಯಿಲ್ಲ. ಕ್ಷೌರದಂಗಡಿಯಲ್ಲಿ ಯಾರೂ ಯಾರ ಮುಖವನ್ನೂ ನೇರವಾಗಿ ನೋಡುವುದಿಲ್ಲ. ಕೂತವನೂ ಅವನ ಹಿಂದೆ ನಿಂತವನೂ ಕನ್ನಡಿಯಲ್ಲೇ ಭೇಟಿಯಾಗುತ್ತಾರೆ, ಕನ್ನಡಿಯಲ್ಲೇ ಕ್ಷೇಮ ಸಮಾಚಾರ ಮುಗಿಸುತ್ತಾರೆ. ಭಾವ ಎತ್ತಿದ ಬಲಗೈ ಕನ್ನಡಿಯಲ್ಲಿ ಡಾಕ್ಟರ ಬಲಬದಿಗೇ ಕಂಡಿತು. ಡಾಕ್ಟರಾದರೋ ದಿನವಿಡೀ ರೋಗಿಗಳನ್ನು ಎದುರಿಗೆ ಕೂರಿಸಿಕೊಂಡು ನೋಡುವವರು. ಎದುರಿಗೆ ಕೂತವರ ಕೈ ನಮ್ಮ ಬಲಬದಿಗೆ ಕಂಡರೆ ಅದು ಅವರ ಎಡಗೈ. ಆ ಲೆಕ್ಕ ಅವರಿಗೆ ಉಸಿರಾಟದಷ್ಟು ಅಭ್ಯಾಸ. ಎಡಗೈ ಎಂದು ಮನಸ್ಸಿನಲ್ಲಿ ಬರೆದುಕೊಂಡರು, ಆಸ್ಪತ್ರೆಗೆ ಹೋಗಿ ಕಾಗದದಲ್ಲೂ ಬರೆಸಿದರು.

ಕಾಯಿಲೆ ಏನೆಂದು ಅಲ್ಲೇ ಕುರ್ಚಿಯಲ್ಲಿ ಕೂತು ವಿವರಿಸಿದರು. ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗ ಇದೆಯಂತೆ. ಅದರೊಳಗಿಂದ ಬೆರಳುಗಳನ್ನು ಎಳೆಯುವ ಹಗ್ಗಗಳಂಥ ನಾರುಗಳೂ ಅವುಗಳ ಜೊತೆಗೆ ಒಂದು ನರವೂ ಹೋಗುತ್ತವೆ. ಮೇಲೆ ಬಿಗಿಯಾದ ಒಂದು ಪಟ್ಟಿ ಛಾವಣಿಯ ಹಾಗೆ ಕೂತಿದೆ. ವರ್ಷಗಟ್ಟಲೆ ಒಂದೇ ಕೆಲಸ ಮಾಡಿದರೆ ಒಳಗೆ ಊದಿಕೊಂಡು, ಜಾಗ ಸಾಲದೆ, ಪಾಪದ ನರ ಅಪ್ಪಚ್ಚಿಯಾಗುತ್ತದೆ. ಹಿಂದೆಲ್ಲ ಅಂಗೈಯನ್ನೇ ಸೀಳುತ್ತಿದ್ದರು. ಈಗ ಮಣಿಕಟ್ಟಿನಲ್ಲಿ ಒಂದು ಪುಟ್ಟ ತೂತು, ಅದರೊಳಗೆ ಕಡ್ಡಿಯಂಥ ಕ್ಯಾಮೆರಾ, ಜೊತೆಗೆ ಒಂದು ಸಣ್ಣ ಬ್ಲೇಡು. ಪಟ್ಟಿ ಕತ್ತರಿಸಿದರೆ ನರಕ್ಕೆ ಜಾಗವಾಗುತ್ತದೆ. ಬೆಳಿಗ್ಗೆ ಬಂದರೆ ಮಧ್ಯಾಹ್ನ ಮನೆಗೆ. ಭಾವನಿಗೆ ಇದೆಲ್ಲದರಲ್ಲಿ ಹೆಚ್ಚು ಆಶ್ಚರ್ಯವಾದದ್ದು ಸುರಂಗದ ವಿಷಯ. ತನ್ನದೇ ಕೈಯಲ್ಲಿ ಇಷ್ಟು ವರ್ಷದಿಂದ ಸುರಂಗ ಇದ್ದರೂ ಒಬ್ಬರೂ ಹೇಳಲಿಲ್ಲವಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ದೂರಿದರು. ಗಿರಾಕಿಗಳು ಸುಮ್ಮನೆ ಕೇಳಿಸಿಕೊಂಡರು.

ಆಸ್ಪತ್ರೆಯಲ್ಲಿ ಮೊದಲು ಕರೆಂಟು ಕೊಟ್ಟು ನರದ ಪರೀಕ್ಷೆ ಮಾಡಿದರು. ಎಡಗೈ ಕೊಡಿ ಎಂದರು, ಭಾವ ಕೊಟ್ಟರು. ಒಳ್ಳೆಯ ಕೈ ನೋಡಿಕೊಂಡು ಅದಕ್ಕೆ ಹೋಲಿಸಿ ಕೆಟ್ಟ ಕೈ ನೋಡುತ್ತಾರೆ ಎಂದು ಅವರು ಅಂದುಕೊಂಡರು. ಮೂವತ್ತು ವರ್ಷ ಬಾಚಣಿಗೆ ಹಿಡಿದ ಎಡಗೈ ಅದು; ಅದರ ನರವೂ ಅಲ್ಪಸ್ವಲ್ಪ ಸೊರಗಿತ್ತು. ಮಿಷನ್ನು, ಹೌದು, ಕಾಯಿಲೆ ಇದೆ ಎಂದಿತು. ಅಲ್ಲಿಗೆ ಎಲ್ಲ ಕಡೆಯೂ ಹೊಂದಿಕೆಯಾಯಿತು.

ಆಪರೇಷನ್ ದಿನ ಅಕ್ಕನೂ ನಾನೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ನಡೆದದ್ದನ್ನು ಭಾವ ಆಮೇಲೆ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಮಲಗಿದ್ದೆನೋ ಅನ್ನಿಸುತ್ತದೆ. ನರ್ಸಮ್ಮ ನೀಲಿ ಪೆನ್ನಿನಿಂದ ಎಡಗೈಯ ಮೇಲೆ ಒಂದು ಬಾಣ ಬರೆದು, ಇದೇ ಕೈ ತಾನೇ ಎಂದು ಕೇಳಿದರಂತೆ. ಡಾಕ್ಟರು ಹೇಗೆ ಹೇಳಿದ್ದಾರೋ ಹಾಗೆ ಎಂದರಂತೆ ಭಾವ. ಬಾಣ ನೋಡಿ ಅವರಿಗೆ ಅನುಮಾನ ಬರಲಿಲ್ಲವೇ ಎಂದರೆ, ಬಂತಂತೆ. ಆದರೆ ರಸ್ತೆಯಲ್ಲಿ ಬಾಣ ಬರೆದಿರುವುದು ಊರು ಇಲ್ಲೇ ಇದೆ ಎಂದು ಹೇಳುವುದಕ್ಕಲ್ಲ, ಈ ದಾರಿಯಲ್ಲಿ ಹೋಗಿ ಎಂದು ಹೇಳುವುದಕ್ಕೆ. ಇದೂ ಹಾಗೆಯೇ, ಇಲ್ಲಿಂದ ಹೊಕ್ಕು ಬಲಗೈಗೆ ಹೋಗುತ್ತಾರೆ ಎಂದು ಸಮಾಧಾನ ಮಾಡಿಕೊಂಡರಂತೆ. ಎಚ್ಚರವಾಗಿಯೇ ಮಲಗಿದ್ದರು. ತಮ್ಮ ಎಡಗೈಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದನ್ನೂ, ಅದರೊಳಗೆ ಕ್ಯಾಮೆರಾ ತೂರಿಸುವುದನ್ನೂ, ಟಿವಿಯಲ್ಲಿ ತಮ್ಮ ಸುರಂಗ ಬೆಳ್ಳಗೆ ಹೊಳೆಯುವುದನ್ನೂ ಕಣ್ಣಾರೆ ನೋಡಿದರು. ತುಟಿಪಿಟಕ್ ಎನ್ನಲಿಲ್ಲ. ಬ್ಲೇಡು ಉಗುರಿನಷ್ಟೂ ಇರಲಿಲ್ಲ, ಆದರೆ ಒಂದೇ ಎಳೆತಕ್ಕೆ ಪಟ್ಟಿ ಎರಡಾಯಿತು, ಅದೆಂಥ ಕೈ ಅಂತೀಯ ಎಂದು ಇವತ್ತಿಗೂ ಹೊಗಳುತ್ತಾರೆ.

ಹೊರಗೆ ಬಂದಾಗ ಎಡಗೈಗೆ ಬ್ಯಾಂಡೇಜು. ಅಕ್ಕ ಎಡಗೈ ನೋಡಿದಳು, ಬಲಗೈ ನೋಡಿದಳು, ಮತ್ತೆ ಎಡಗೈ ನೋಡಿದಳು.

"ಯಾವ ಕೈ ಅಂತ ನೀವು ಹೇಳ್ಲಿಲ್ವಾ?"

"ಬ್ಲೇಡು ಹಿಡಿದೋರಿಗೆ ನಾನು ಹೇಳೋದಾ?" ಎಂದರು ಭಾವ. ಆ ಪ್ರಶ್ನೆಯೇ ಅವರಿಗೆ ಅಸಹ್ಯವಾಗಿತ್ತು.

ಮನೆಗೆ ಬಂದ ಮೇಲೆ ಒಂದು ಸಿದ್ಧಾಂತ ಹುಟ್ಟಿತು. ಮೈಯಲ್ಲಿ ನರಗಳೆಲ್ಲ ಒಂದಕ್ಕೊಂದು ಜೋಡಿಸಿದ ಪೈಪುಗಳಿದ್ದ ಹಾಗೆ. ಒಂದು ಕಡೆ ಸಡಿಲ ಮಾಡಿದರೆ ಇನ್ನೊಂದು ಕಡೆಯ ಬಿಗಿ ತಾನಾಗಿ ಇಳಿಯುತ್ತದೆ. ಬಲಗೈ ದುಡಿಯುವ ಕೈಯಾದ್ದರಿಂದ ಬುದ್ಧಿವಂತ ಡಾಕ್ಟರು ಅದನ್ನು ಮುಟ್ಟದೆ ಎಡಗಡೆಯಿಂದ ಕೆಲಸ ಸಾಧಿಸಿದ್ದಾರೆ. ಗುಣ ಎಡಗೈಯಿಂದ ಹೊರಟಿದೆ, ಬಲಗೈಗೆ ಬರಲು ಸ್ವಲ್ಪ ದಿನ ಬೇಕು. ಬೆಳಿಗ್ಗೆ ಎದ್ದೊಡನೆ ನಾನು ಎಲ್ಲಿಗೆ ಬಂತು ಭಾವ ಎಂದು ಕೇಳುತ್ತಿದ್ದೆ. ಒಂದು ದಿನ ಮೊಣಕೈ ದಾಟಿದೆ ಎಂದರು. ಇನ್ನೊಂದು ದಿನ ಭುಜದ ಹತ್ತಿರ ಇದೆ, ಅಲ್ಲಿ ಸ್ವಲ್ಪ ತಡೆದಿದೆ ಎಂದರು. ನಾನು ಕುಚೋದ್ಯಕ್ಕೆ ಕೇಳುತ್ತಿದ್ದೆ, ಅವರು ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಕುತ್ತಿಗೆ ದಾಟುವ ಹೊತ್ತಿಗೆ ನನ್ನ ನಗು ಬತ್ತಿಹೋಗಿತ್ತು.

ನೋಡಲು ಬಂದ ನೆಂಟರದು ಬೇರೆ ಗೋಳು. ಆಪರೇಷನ್ ಎಂದು ಕೇಳಿ ಮುಖ ಸಣ್ಣಗೆ ಮಾಡಿಕೊಂಡು, ಹಣ್ಣು ಹಿಡಿದುಕೊಂಡು ಬರುತ್ತಿದ್ದರು. ಬ್ಯಾಂಡೇಜು ಬಿಚ್ಚಿ ತೋರಿಸಿದರೆ ಇರುವೆ ಕಚ್ಚಿದಷ್ಟು ಗಾಯ. ಇಷ್ಟೇನಾ ಎಂದು ಬಾಯಲ್ಲಿ ಹೇಳದಿದ್ದರೂ ಮುಖದಲ್ಲಿ ಬರೆದಿರುತ್ತಿತ್ತು. ಭಾವನ ದೊಡ್ಡಮ್ಮನಂತೂ ಕನ್ನಡಕ ಹಾಕಿಕೊಂಡು ಹುಡುಕಿ, ಕಾಣಿಸದೆ, ತಂದಿದ್ದ ಹಣ್ಣಿನಲ್ಲಿ ಅರ್ಧ ವಾಪಸು ತೆಗೆದುಕೊಂಡು ಹೋದರು. ಭಾವ ಅವಮಾನದಿಂದ ಬ್ಯಾಂಡೇಜನ್ನು ಮೊಣಕೈವರೆಗೆ ಸುತ್ತಿಸಿಕೊಂಡರು. ಸುತ್ತಿದವಳು ಅಕ್ಕ. ಸುತ್ತು ಸಡಿಲವಾಗಿ ಜಾರುತ್ತಿತ್ತು. ಒಂದು ಬ್ಯಾಂಡೇಜು ಸುತ್ತಲು ಬರುವುದಿಲ್ಲವಲ್ಲ ನಿನಗೆ ಎಂದು ಅದಕ್ಕೂ ಬೈಸಿಕೊಂಡಳು.

ಹೊಲಿಗೆ ಬಿಚ್ಚುವ ಮೊದಲೇ ಭಾವ ಅಂಗಡಿ ತೆರೆದರು. ಆ ವಾರವೇ ಡಾಕ್ಟರು ಕ್ಷೌರಕ್ಕೆ ಬಂದರು. ನಾನು ಇಸ್ತ್ರಿ ಮಾಡಿದ ಅಂಗಿಗಳನ್ನು ಅಂಚೆಯಣ್ಣನಿಗೆ ಕೊಡಲು ಅಲ್ಲೇ ಹೋಗಿದ್ದೆ. ಅಂಚೆಯಣ್ಣ ತನ್ನ ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ನೋಡಿದರು. ಕನ್ನಡಿಯಲ್ಲಿ ಒಬ್ಬ ಮನುಷ್ಯ ಇವರಿಗೆ ಎದುರಾಗಿ ನಿಂತ ಹಾಗೆ ಕಂಡ. ಅವನ ಬ್ಯಾಂಡೇಜು ಯಾವ ಬದಿಗಿದೆ ಎಂದು ಯೋಚಿಸುವ ಕಷ್ಟವನ್ನೇ ಅವರು ತೆಗೆದುಕೊಳ್ಳಲಿಲ್ಲ. ಬ್ಯಾಂಡೇಜು ಮೊಣಕೈವರೆಗೆ ಯಾಕೆ ಬಂತು ಎಂಬುದೊಂದೇ ಅವರಿಗೆ ಅರ್ಥವಾಗದ್ದು. ಹೇಗಿದೆ ಎಂದು ಕೇಳಿದರು. ದಾರಿಯಲ್ಲಿದೆ ಎಂದರು ಭಾವ. ಡಾಕ್ಟರು ತಲೆಯಾಡಿಸಿದರು.

ಆಮೇಲೆ ಭಾವ ಕತ್ತರಿ ಎತ್ತಿದರು. ಎಡಗೈಯ ಬ್ಯಾಂಡೇಜಿನಲ್ಲಿ ಬಾಚಣಿಗೆ ನಿಲ್ಲುತ್ತಿಲ್ಲ, ಬಲಗೈಯ ಬೆರಳಿಗೆ ಕತ್ತರಿ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಡಾಕ್ಟರ ತಲೆಯ ಒಂದು ಬದಿ ನೋಡನೋಡುತ್ತಿದ್ದಂತೆ ಕೊಯ್ದ ಗದ್ದೆಯಾಯಿತು, ಇನ್ನೊಂದು ಬದಿ ಹಾಗೇ ಉಳಿಯಿತು. ಆವತ್ತು ಡಾಕ್ಟರು ಕಣ್ಣು ಮುಚ್ಚಿರಲಿಲ್ಲ. ಎಲ್ಲವನ್ನೂ ಕನ್ನಡಿಯಲ್ಲಿ ನೋಡುತ್ತಿದ್ದರು. ಆದರೆ ಅವರು ಶಿಸ್ತಿನ ಗಿರಾಕಿ, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಕತ್ತರಿ ಕಿವಿಯ ಹತ್ತಿರ ಬಂತು. ಬಾಯಿ ತೆರೆದು ಕಿವಿಯ ಸುತ್ತ ಸುಳಿದಾಡಿತು.

ಅಂಚೆಯಣ್ಣ ಎದ್ದು ನಿಂತರು. ಆ ಅಂಗಡಿಯಲ್ಲಿ ಕತ್ತರಿ ಆಡುತ್ತಿರುವಾಗ ಗಿರಾಕಿಯೊಬ್ಬರು ಬಾಯಿಬಿಟ್ಟು ದಕ್ಕಿಸಿಕೊಂಡದ್ದು ಅದೇ ಮೊದಲು.

"ಸಾಕು ನಿಲ್ಸಪ್ಪ. ಡಾಕ್ಟರ ಕಿವಿ ಹೋಗುತ್ತೆ."

ಭಾವ ಸುಮ್ನಿರಿ ಎನ್ನಲು ತಿರುಗಿದರು, ಕತ್ತರಿ ಜಾರಿ ನೆಲಕ್ಕೆ ಬಿತ್ತು. ಸದ್ದಿಗೆ ಡಾಕ್ಟರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಕನ್ನಡಿಯಿಲ್ಲದೆ ಭಾವನನ್ನು ನೋಡಿದರು. ಬ್ಯಾಂಡೇಜು ಒಂದು ಕೈಗೆ, ಕತ್ತರಿ ಬಿದ್ದದ್ದು ಇನ್ನೊಂದು ಕೈಯಿಂದ. ತಮ್ಮ ಬಲಗೈ ಎತ್ತಿ ನೋಡಿಕೊಂಡರು, ಭಾವನ ಕಡೆ ತೋರಿಸಿದರು, ಕನ್ನಡಿ ನೋಡಿದರು, ಮತ್ತೆ ಭಾವನನ್ನು ನೋಡಿದರು. ಅವರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಜೋಮು ಹಿಡಿದದ್ದು ಯಾವ ಕೈ ಎಂದು ಕೇಳಿದರು. ಇದೇ ಎಂದು ಭಾವ ಬಲಗೈ ಎತ್ತಿದರು. ಮತ್ತೆ ಯಾಕೆ ಆವತ್ತು ಹೇಳಲಿಲ್ಲ ಎಂದರು ಡಾಕ್ಟರು. ಆಗ ಭಾವ ಅಂದ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ನಿಮ್ಮ ಅರ್ಧ ತಲೆ ಹೋಯ್ತಲ್ಲ ಸಾರ್, ನೀವು ಹೇಳಿದ್ರಾ?"

ಅಲ್ಲಿಗೆ ಕಟ್ಟೆ ಒಡೆಯಿತು. ಅಂಚೆಯಣ್ಣ ಟೋಪಿ ತೆಗೆದು ತೋರಿಸಿದರು. ಎರಡು ವರ್ಷದಿಂದ ತನ್ನ ಕ್ರಾಪು ಒಂದು ಕಡೆಗೆ ವಾಲಿದೆ, ಅದಕ್ಕೇ ಬಿಸಿಲಿಲ್ಲದಿದ್ದರೂ ಟೋಪಿ ಹಾಕುವುದು ಎಂದರು. ಸದ್ದು ಕೇಳಿ ಬಂದ ಹೆಡ್‌ಮಾಸ್ಟರು, ತಮ್ಮ ಮೀಸೆ ಈಗ ಮೂಗಿನ ಕೆಳಗೆ ಶುರುವಾಗಿ ಕೆನ್ನೆಯ ಮೇಲೆ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಆಗ ನಾನು ಬೀದಿಗೆ ಕಣ್ಣು ಹಾಯಿಸಿದೆ. ನಮ್ಮ ಬೀದಿಯ ಗಂಡಸರೆಲ್ಲ ಯಾಕೆ ತಲೆಯನ್ನು ಒಂದು ಬದಿಗೆ ಓರೆ ಮಾಡಿಕೊಂಡು ಓಡಾಡುತ್ತಾರೆ ಎಂದು ಅಂದು ತಿಳಿಯಿತು. ಕೂದಲನ್ನು ನೇರವಾಗಿ ಕಾಣಿಸಲು ಅವರು ತಲೆಯನ್ನೇ ಓರೆ ಮಾಡಿಕೊಂಡಿದ್ದರು. ಎಲ್ಲರಿಗೂ ಗೊತ್ತಿತ್ತು. ಹೇಳಿದರೆ ಭಾವನಿಗೆ ಬೇಸರವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ಬೇರೆ ಅಂಗಡಿಗೂ ಹೋಗಿರಲಿಲ್ಲ.

ನನಗೆ ನಗು ಬರುತ್ತಿತ್ತು. ಭಾವನ ಮುಖ ನೋಡಿದ ಮೇಲೆ ಅಳು ಬಂತು.

ಅವರು ಅಂಗಡಿ ಮುಚ್ಚಿ ಮನೆ ಸೇರಿದರು. ಡಾಕ್ಟರು ಅರ್ಧ ಕ್ಷೌರದ ತಲೆಯಲ್ಲೇ ಎರಡು ಸಲ ಮನೆಗೆ ಬಂದರು. ತಪ್ಪು ತನ್ನದೇ, ಬಲಗೈಯನ್ನೂ ತಾನೇ ಮಾಡುತ್ತೇನೆ, ತಡಮಾಡಿದರೆ ನರ ಪೂರ್ತಿ ಒಣಗಿ ಆಮೇಲೆ ಏನು ಮಾಡಿದರೂ ಬರುವುದಿಲ್ಲ ಎಂದು ಗೋಗರೆದರು. ಭಾವ ಒಪ್ಪಲಿಲ್ಲ. ಡಾಕ್ಟರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಊರವರ ತಲೆಗಳನ್ನು ಎರಡು ವರ್ಷ ಹಾಳು ಮಾಡಿದ ಕೈ ಗುಣವಾಗಿ ಏನಾಗಬೇಕು ಎನ್ನುತ್ತಿದ್ದರು. ಮಾತು ನಿಂತೇಹೋಯಿತು. ಹಲಗೆಯ ಗೋಡೆಯ ಆಚೆ ಸದ್ದಿಲ್ಲದೆ ನನಗೆ ಕಾಲರು ಸರಿಯಾಗಿ ಕೂರುತ್ತಿರಲಿಲ್ಲ.

ಅಕ್ಕ ಅವರನ್ನು ಒಪ್ಪಿಸಿದ್ದು ಮಾತಿನಿಂದಲ್ಲ. ಒಂದು ಬೆಳಿಗ್ಗೆ ಅವಳು ಕುರ್ಚಿ ಎಳೆದುಕೊಂಡು ಭಾವನ ಮುಂದೆ ಬೆನ್ನು ಹಾಕಿ ಕೂತಳು, ಜಡೆ ಹಾಕಿಕೊಡಿ ಎಂದಳು. ಮದುವೆಯಾದ ಹೊಸದರಲ್ಲಿ ಹಾಕುತ್ತಿದ್ದರಂತೆ. ಭಾವ ಮೂರು ಎಳೆ ಮಾಡಿದರು, ಹೆಣೆಯಲು ಹೋದರು, ಎಳೆಗಳು ಬೆರಳಿನಿಂದ ಜಾರಿ ಜಾರಿ ಬಿದ್ದವು. ಎಷ್ಟು ಹೊತ್ತಾದರೂ ಆಗಲಿಲ್ಲ. ಅಕ್ಕ ಹಿಂದಕ್ಕೆ ತಿರುಗದೆ ಕೂತೇ ಇದ್ದಳು. ಕೊನೆಗೆ ಭಾವ ನನ್ನ ಕಡೆ ನೋಡಿ, ಆಸ್ಪತ್ರೆಗೆ ಹೋಗಿ ಹೇಳಿ ಬಾ ಎಂದರು.

ಈ ಸಲ ಡಾಕ್ಟರು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ, ತಮ್ಮನ್ನಂತೂ ಮೊದಲೇ ಇಲ್ಲ. ಮನೆಯವರು ಇಬ್ಬರಾದರೂ ಒಳಗೆ ಇರಲೇಬೇಕು, ಕೈ ಯಾವುದೆಂದು ಬಾಯಿಬಿಟ್ಟು ಹೇಳಬೇಕು ಎಂದು ಹಟ ಹಿಡಿದರು. ನನಗೂ ಅಕ್ಕನಿಗೂ ಹಸಿರು ಗೌನು ತೊಡಿಸಿದರು. ನನ್ನದಕ್ಕೆ ಹಿಂದುಗಡೆ ಕಟ್ಟುವ ದಾರವಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕೋಣೆಯಲ್ಲಿದ್ದ ಕನ್ನಡಿಗೆ ಡಾಕ್ಟರು ಬಟ್ಟೆ ಮುಚ್ಚಿಸಿದ್ದರು. ನರ್ಸಮ್ಮ ಬಲಗೈಯ ಮೇಲೆ ಬಾಣ ಬರೆದರು, ಸಾಲದು ಎಂದು ಕೆಳಗೆ ಬಲಗೈ ಎಂದೂ ಬರೆದರು. ಎಡಗೈಯ ಮೇಲೆ ಇದಲ್ಲ ಎಂದು ಬರೆದರು. ಡಾಕ್ಟರು ಒಬ್ಬೊಬ್ಬರನ್ನೇ ಕೇಳಿದರು, ನಾವು ಒಬ್ಬೊಬ್ಬರೇ ಹೇಳಿದೆವು. ಭಾವನನ್ನು ಕೇಳಿದಾಗ ಅವರು ಬಹಳ ಕಷ್ಟಪಟ್ಟು, ಮರ್ಯಾದೆ ಬಿಟ್ಟವರ ಹಾಗೆ, "ಬಲಗೈ" ಎಂದರು.

ಆದರೂ ಡಾಕ್ಟರಿಗೆ ಧೈರ್ಯ ಬಂದಿರಲಿಲ್ಲ. ತೂತು ಮಾಡುವ ಮೊದಲು ಇಲ್ಲೇ ಮಾಡಲಾ ಎಂದು ಕೇಳಿದರು. ಕ್ಯಾಮೆರಾ ಒಳಗೆ ಬಿಡುವ ಮೊದಲು ಬಿಡಲಾ ಎಂದು ಕೇಳಿದರು. ಭಾವ ಹೂಂ ಎಂದರು, ಆದರೆ ಅವರ ಹಣೆಯ ಮೇಲೆ ಬೆವರೊಡೆದಿತ್ತು. ಮೊದಲ ಸಲ ಇಷ್ಟು ಭಯವಿರಲಿಲ್ಲ. ಆಗ ಕೊಟ್ಟದ್ದು ಬಾಚಣಿಗೆ ಹಿಡಿಯುವ ಕೈ, ಈಗ ಕೊಟ್ಟದ್ದು ಅನ್ನದ ಕೈ. ಟಿವಿಯಲ್ಲಿ ಸುರಂಗ ಬೆಳಗಿತು. ಡಾಕ್ಟರು ಬ್ಲೇಡು ಎತ್ತಿಕೊಂಡರು. ಭಾವ ಎಡಗೈ ಚಾಚಿ ಅಕ್ಕನನ್ನು ಹತ್ತಿರ ಕರೆದರು.

"ಕೈ ಹಿಡ್ಕೊಳೇ."

ಅಕ್ಕ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬ್ಲೇಡು ತೂತಿನೊಳಗೆ ಹೋಯಿತು.

"ಗಟ್ಟಿಯಾಗಿ ಹಿಡ್ಕೋ."

"ಹಿಡ್ಕೊಂಡಿದ್ದೀನಿ."

"ಇಲ್ಲ ಕಣೇ, ಬಿಟ್ಟುಬಿಟ್ಟಿದ್ದೀಯ. ಗಟ್ಟಿಯಾಗಿ."

ಅಕ್ಕ ಬಗ್ಗಿ ತನ್ನ ಕೈಗಳನ್ನೇ ನೋಡಿದಳು. ಆಮೇಲೆ, ಅಡುಗೆಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. "ಹಿಡ್ಕೊಂಡಿದ್ದೀನೋ ಬಿಟ್ಟಿದ್ದೀನೋ ನನಗೆ ಗೊತ್ತಾಗಲ್ಲ ರೀ. ನೋಡ್ಕೊಂಡೇ ಹಿಡ್ಕೋಬೇಕು."

ಡಾಕ್ಟರು ತಲೆಯೆತ್ತಿದರು. ನರ್ಸಮ್ಮ ಬಂದು ಅಕ್ಕನ ಅಂಗೈಗಳನ್ನು ದೀಪದ ಕಡೆಗೆ ತಿರುಗಿಸಿದರು. ಹೆಬ್ಬೆರಳಿನ ಬುಡದಲ್ಲಿ ಎಲ್ಲರಿಗೂ ಉಬ್ಬಾಗಿರುವ ಮಾಂಸ ಅವಳಿಗೆ ಎರಡೂ ಕೈಯಲ್ಲಿ ಕರಗಿ ಗುಳಿ ಬಿದ್ದಿತ್ತು. ಭಾವನ ಕೈಗಿಂತ ಎಷ್ಟೋ ಮುಂದೆ ಹೋಗಿದೆ, ಬಹಳ ವರ್ಷದ್ದು ಎಂದರು ಡಾಕ್ಟರು. ಅಂಗಡಿಯ ಟವೆಲುಗಳನ್ನೆಲ್ಲ ದಿನಾ ಒಗೆದು, ಕೈಯಲ್ಲೇ ಹಿಂಡಿ ಒಣಹಾಕುವವಳು ಅವಳು. ಒಣಗಿದ ಟವೆಲುಗಳನ್ನು ಇಸ್ತ್ರಿಗೆ ತಂದುಕೊಡುವಾಗ ಯಾವಾಗಲೂ ಎದೆಗೆ ಅವಚಿಕೊಂಡು ತರುತ್ತಿದ್ದಳು. ನಾನು ಅದನ್ನು ಅವಳ ಅಭ್ಯಾಸ ಎಂದುಕೊಂಡಿದ್ದೆ.

ಯಾಕೆ ಹೇಳಲಿಲ್ಲ ಎಂದು ಭಾವ ಕೇಳಿದರು.

"ಕೆಲಸ ನಡೀತಿತ್ತಲ್ಲ," ಎಂದಳು ಅಕ್ಕ.

ಭಾವ ಎದ್ದು ಕೂರಲು ಹೋದರು. ಬ್ಲೇಡು ಇನ್ನೂ ಅವರ ಮಣಿಕಟ್ಟಿನ ಒಳಗಿತ್ತು.

"ಡಾಕ್ಟ್ರೇ, ನಿಲ್ಸಿ. ನಾನು ಇಳೀತೀನಿ, ಮೊದ್ಲು ಇವಳನ್ನ ಮಲಗಿಸಿ."

ಪಟ್ಟಿ ಅರ್ಧ ಕತ್ತರಿಸಿದೆ, ಈಗ ನಿಲ್ಲಿಸಲು ಆಗುವುದಿಲ್ಲ ಎಂದರು ಡಾಕ್ಟರು. ಅರ್ಧ ಸಾಕು, ಉಳಿದದ್ದು ಆಮೇಲೆ ಎಂದರು ಭಾವ. ನರ್ಸಮ್ಮ ಅವರ ಭುಜ ಒತ್ತಿ ಹಿಡಿದರು. ನಾನು ಗೌನಿನ ಗೊಡವೆ ಮರೆತು ಓಡಿಹೋಗಿ ಕಾಲು ಹಿಡಿದೆ. ಭಾವ ಕಾಲು ಝಾಡಿಸುತ್ತ, ಇವಳ ಬಲಗೈ ಮೊದಲು, ಆಮೇಲೆ ಎಡಗೈ, ನೆನಪಿಟ್ಟುಕೊಳ್ಳಿ, ಬಲ ಮೊದಲು, ನಾನು ಹೇಳುತ್ತಿದ್ದೇನೆ ಎಂದು ಒಂದೇ ಸಮನೆ ಕೂಗುತ್ತಿದ್ದರು. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಹೂಂ, ಬಲ ಮೊದಲು, ಹೂಂ ಎನ್ನುತ್ತ ಡಾಕ್ಟರು ಉಳಿದರ್ಧವನ್ನು ಒಂದೇ ಎಳೆತಕ್ಕೆ ಮುಗಿಸಿದರು. ಬಲಗೈಯ ಬೆರಳಾಡಿಸಿ ಎಂದರು. ಬೆರಳುಗಳು ಆಡಿದವು. ಭಾವ ಆ ಕಡೆ ನೋಡಲೇ ಇಲ್ಲ.

ಹೊಲಿಗೆ ಹಾಕಿ ಮುಗಿಯುವವರೆಗೆ ಅವರು ಅಕ್ಕನ ಎರಡೂ ಕೈಗಳನ್ನು ತಮ್ಮ ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಹಿಡಿದದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಮಧ್ಯೆ ಮಧ್ಯೆ ಅವಳ ಕಡೆ ತಿರುಗಿ, "ಹಿಡ್ಕೊಂಡಿದ್ದೀನಿ ಕಣೇ" ಎಂದು ಹೇಳುತ್ತಿದ್ದರು.